ಕಲ್ಲಿನೊಳಗಿನ ಕಪ್ಪೆ

ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆದ ಸದ್ದಾಯಿತು ಎನ್ನಿ. ಹಜಾರದಲ್ಲಿ ಕುಳಿತವರ ಬಾಯಿಂದ ಮೊದಲು ಬರುವ ಪ್ರಶ್ನೆ ಯಾವುದು? ‘ಏನು ಒಡೀತು?’ ಎಂದು ಕೇಳುವವರು ಕಡಿಮೆ. ‘ಯಾರದು ಒಡೆದದ್ದು?’ ಎಂದೇ ಹೆಚ್ಚಿನವರು ಕೇಳುತ್ತಾರೆ. ಹಾಲು ಉಕ್ಕಿ ಹೋದರೂ ಅದೇ ಪ್ರಶ್ನೆ, ಮಿಕ್ಸಿ ಸುಟ್ಟರೂ ಅದೇ ಪ್ರಶ್ನೆ, ಬೀಗದ ಕೈ ಕಾಣದಿದ್ದರೂ ಅದೇ ಪ್ರಶ್ನೆ. ಉತ್ತರವೂ ಬಹುಮಟ್ಟಿಗೆ ಮೊದಲೇ ಸಿದ್ಧವಾಗಿರುತ್ತದೆ. ಸೊಸೆ, ಇಲ್ಲವೇ ಕೆಲಸದವಳು, ಇಲ್ಲವೇ ಕೈಗೆ ಸಿಕ್ಕ ಒಂದು ಚಿಕ್ಕ ಹುಡುಗಿ.

ಈ ಅನ್ಯಾಯದ ರುಚಿ ನನಗೂ ಗೊತ್ತು. ನಾನು ಮದುವೆಯಾಗಿ ಬಂದ ಮೂರನೆಯ ತಿಂಗಳು ಮನೆಯ ಟೀವಿ ನಿಂತುಹೋಯಿತು. ‘ಹೊಸಬಳು ಮುಟ್ಟಿದ್ದೇ ತಡ’ ಎಂದರು ಅತ್ತೆ. ರಿಪೇರಿಯವನು ಬಂದು ಹಿಂಬದಿಯ ಮುಚ್ಚಳ ಬಿಚ್ಚಿದಾಗ ಒಳಗೊಂದು ಹಲ್ಲಿ ಸುಟ್ಟು ಕರಿಕಾಗಿತ್ತು. ಎಲ್ಲರೂ ನಕ್ಕರು, ರಿಪೇರಿಯವನಿಗೆ ಕಾಫಿ ಕೊಟ್ಟರು. ಕಾಫಿ ಮಾಡಿದವಳು ನಾನು. ‘ನಿನ್ನದಲ್ಲ ಬಿಡಮ್ಮ’ ಎಂಬ ಒಂದು ಮಾತನ್ನು ಮಾತ್ರ ಯಾರೂ ಆಡಲಿಲ್ಲ. ನಾನು ಯಾರಿಗೂ ಹೀಗೆ ಮಾಡಬಾರದು ಎಂದು ಅಂದೇ ನಿಶ್ಚಯಿಸಿಕೊಂಡಿದ್ದೆ. ನಿಶ್ಚಯ ಮಾಡಿದವರೆಲ್ಲ ತಪ್ಪಿನಿಂದ ಪಾರಾಗುವುದಿಲ್ಲ ಎಂದು ತಿಳಿಯಲು ಮೂವತ್ತು ವರ್ಷ ಬೇಕಾಯಿತು. ಅದನ್ನು ಕಲಿಸಿದ್ದು ನಮ್ಮ ಶಾಲೆಯ ಕಂಪ್ಯೂಟರು.

ಅರಸೀಕೆರೆಯ ಸುತ್ತಿನ ತೆಂಗಿನ ತೋಟಗಳಲ್ಲಿ ಕೂಲಿ ಮಾಡುವವರ ಮಕ್ಕಳು, ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುವವರ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಎಂಟನೆಯ ತರಗತಿಯ ಬಡ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ಒಂದು ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಎನ್‌ಎಂಎಂಎಸ್ ಎನ್ನುತ್ತಾರೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ಎರಡನೆಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಉಳ್ಳವರಿಗೆ ಅದೇನೂ ದೊಡ್ಡ ಮೊತ್ತವಲ್ಲ. ಆದರೆ ಒಬ್ಬ ಹುಡುಗಿಯನ್ನು ಹತ್ತನೆಯ ತರಗತಿಗೇ ಶಾಲೆ ಬಿಡಿಸುವುದೋ, ಕಾಲೇಜಿಗೆ ಕಳಿಸುವುದೋ ಎಂದು ತಂದೆ ಯೋಚಿಸುವಾಗ ಆ ಹಣ ತಕ್ಕಡಿಯನ್ನು ಈ ಕಡೆಗೆ ಬಾಗಿಸಬಲ್ಲದು.

ಕಳೆದ ವರ್ಷ ನಮ್ಮಲ್ಲಿ ಮೂವರು ಮಕ್ಕಳ ಅರ್ಜಿ ಬಾಕಿ ಉಳಿದಿತ್ತು. ಕೊನೆಯ ದಿನಕ್ಕೆ ಇನ್ನೊಂದೇ ದಿನ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬಂದು ಕಂಪ್ಯೂಟರಿನ ಮುಂದೆ ಕುಳಿತು ಬ್ರೌಸರಿನ ಚಿತ್ರದ ಮೇಲೆ ಎರಡು ಸಲ ಒತ್ತಿದೆ. ಸಣ್ಣ ಚಕ್ರವೊಂದು ತಿರುಗಿತು, ನಿಂತಿತು. ಏನೂ ತೆರೆಯಲಿಲ್ಲ. ಮತ್ತೆ ಒತ್ತಿದೆ. ಈ ಸಲ ಬರಿಯ ಬಿಳಿಯ ಪರದೆ ಬಂತು, ಅಪ್‌ಡೇಟ್ ಪೂರ್ಣವಾಗಲಿಲ್ಲ ಎಂಬಂಥ ಒಂದು ಸಾಲು ಮೂಡಿತು, ಅದೂ ಮಾಯವಾಯಿತು.

ಬ್ರೌಸರ್ ಎಂದರೆ ಅಂತರ್ಜಾಲದ ಪುಟಗಳನ್ನು ನಮಗೆ ತೋರಿಸುವ ಕಿಟಕಿ. ಟಿಮ್ ಬರ್ನರ್ಸ್-ಲೀ ಎಂಬಾತ ಮೊದಲ ಬ್ರೌಸರನ್ನು ಬರೆದದ್ದು 1990ರಲ್ಲಿ. ನಾನಾಗ ಬಿ.ಎ. ಓದುತ್ತಿದ್ದೆ. ಅಂಥದೊಂದು ಕಿಟಕಿ ಮುಚ್ಚಿಕೊಂಡರೆ ಮೂವರು ಮಕ್ಕಳ ಓದು ನಿಲ್ಲಬಹುದೆಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆ ಕಂಪ್ಯೂಟರಿನಲ್ಲಿ ಮೊದಲೇ ಬಂದಿದ್ದ ಇನ್ನೊಂದು ಬ್ರೌಸರೂ ಇತ್ತು. ಅದು ತೆರೆಯಿತು. ಆದರೆ ಶಾಲೆಯ ಪಾಸ್‌ವರ್ಡ್ ಕೆಟ್ಟುಕೂತ ಬ್ರೌಸರಿನ ನೆನಪಿನಲ್ಲಿತ್ತೇ ಹೊರತು ನಮ್ಮಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ. ಮರೆತಿದ್ದೇವೆ ಎಂದು ಕೇಳಿಕೊಂಡರೆ ಗುಪ್ತ ಸಂಖ್ಯೆ ಹೋಗುವುದು ಹಿಂದಿನ ಮುಖ್ಯೋಪಾಧ್ಯಾಯರ ಫೋನಿಗೆ. ಅವರು ವರ್ಗವಾಗಿ ಹೋಗಿ, ಆ ಫೋನಿನ ನಂಬರೂ ಬದಲಾಗಿತ್ತು.

ಆಗ ನಾನು ಮಾಡಿದ ಮೊದಲ ಕೆಲಸವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಕರೆಸಿದೆ. ಟೈಪಿಂಗ್ ಚೆನ್ನಾಗಿ ಬರುತ್ತದೆಂದು ಸಂಜೆ ಹೊತ್ತು ನಮಗೆ ಸಹಾಯ ಮಾಡುತ್ತಿದ್ದವಳು. ಹಿಂದಿನ ದಿನವೂ ಆಕೆಯೇ ಕುಳಿತಿದ್ದಳು. ಮೂವರು ಸಹೋದ್ಯೋಗಿಗಳು ಅಲ್ಲೇ ಇದ್ದರು. ‘ಏನೋ ಒತ್ತಿ ಹಾಳು ಮಾಡಿದ್ದೀಯ. ಸುಮ್ನೆ ಇರೋಕೆ ಬರೋದಿಲ್ವಾ ನಿಂಗೆ?’ ಎಂದೆ. ‘ನಾನೇನೂ ಒತ್ತಿಲ್ಲ ಮಿಸ್’ ಎಂದಳು. ‘ಮತ್ಯಾರು, ನಾನಾ?’ ಎಂದೆ. ಅವಳು ತಲೆ ತಗ್ಗಿಸಿ ನಿಂತಳು. ಕಣ್ಣಲ್ಲಿ ನೀರು ಬಂತು. ಆ ನೀರನ್ನು ನಾನು ತಪ್ಪೊಪ್ಪಿಗೆಯೆಂದು ಓದಿಕೊಂಡೆ.

ಆಮೇಲೆ ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಫೋನು ಮಾಡಿದೆ. ಅವನದು ಕಂಪ್ಯೂಟರ್ ಕೆಲಸ. ‘ಒಂದು ಹುಡುಗಿ ಏನೋ ಹಾಳು ಮಾಡಿದೆ ಕಣೋ’ ಎಂದು ಶುರು ಮಾಡಿದೆ. ಅವನು ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ‘ಅತ್ತೆ, ಈಗ ಪರದೆ ಮೇಲೆ ಏನು ಕಾಣಿಸ್ತಿದೆ ಹೇಳಿ’ ಎಂದ.

ಅಲ್ಲಿಂದ ಮುಂದೆ ಅರ್ಧ ಗಂಟೆ ಅವನು ಕೇಳಿದ್ದೆಲ್ಲ ಅಂಥ ಪ್ರಶ್ನೆಗಳೇ. ಬೇರೆ ಬ್ರೌಸರಿನಲ್ಲಿ ಪುಟ ತೆರೆಯುತ್ತದೆಯೇ? ತೆರೆಯುತ್ತದೆ. ಹಾಗಾದರೆ ಇಂಟರ್ನೆಟ್ಟಿನ ದೋಷವಲ್ಲ. ಗಡಿಯಾರ, ದಿನಾಂಕ ಸರಿಯಾಗಿವೆಯೇ? ಸರಿಯಾಗಿವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದಾಗ ಬರುವ ಪಟ್ಟಿಯಲ್ಲಿ ಬ್ರೌಸರಿನ ಹೆಸರಿದೆಯೇ? ಇತ್ತು, ಕಣ್ಣಿಗೆ ಕಾಣದಿದ್ದರೂ ಒಳಗೇ ಸಿಕ್ಕಿಕೊಂಡಿತ್ತು. ಅದನ್ನು ಅಲ್ಲಿಂದಲೇ ನಿಲ್ಲಿಸಿ ಯಂತ್ರವನ್ನು ಮತ್ತೆ ಶುರು ಮಾಡಿಸಿದ. ಆದರೂ ತೆರೆಯಲಿಲ್ಲ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ? ಹೆಚ್ಚು ಕಡಿಮೆ ಏನೂ ಇಲ್ಲ. ವಾರ್ಷಿಕೋತ್ಸವದ ವಿಡಿಯೋಗಳನ್ನೆಲ್ಲ ಅಲ್ಲೇ ತುಂಬಿಟ್ಟಿದ್ದೆವು. ಅವನ್ನು ಪೆನ್‌ಡ್ರೈವಿಗೆ ಸಾಗಿಸಿದ್ದಾಯಿತು.

‘ತೆಗೆದುಹಾಕಿ ಹೊಸದಾಗಿ ಹಾಕಿದ್ರೆ ಆಗೋದಿಲ್ವೇನೋ?’ ಎಂದು ಕೇಳಿದೆ. ಬೇಸರದಲ್ಲಿ ನನಗೆ ಅದೇ ಸುಲಭವಾಗಿ ಕಂಡಿತ್ತು. ‘ಆತುರ ಬೇಡ ಅತ್ತೆ. ಪಾತ್ರೆ ಬೇರೆ, ಹಾಲು ಬೇರೆ’ ಎಂದ. ಬ್ರೌಸರಿನ ಯಂತ್ರಭಾಗ ಒಂದು ಕಡೆ ಇರುತ್ತದಂತೆ. ನಾವು ಉಳಿಸಿದ ಪಾಸ್‌ವರ್ಡು, ಗುರುತು ಹಾಕಿದ ಪುಟಗಳು ಇನ್ನೊಂದು ಕಡೆ ಇರುತ್ತವಂತೆ. ತೆಗೆದುಹಾಕುವಾಗ ‘ಮಾಹಿತಿಯನ್ನೂ ಅಳಿಸು’ ಎಂಬ ಪೆಟ್ಟಿಗೆಗೆ ಗುರುತು ಹಾಕಿಬಿಟ್ಟರೆ ಹಾಲೂ ಹೋಯಿತು. ಅದರ ಬದಲು ಕೆಲಸ ಮಾಡುತ್ತಿರುವ ಬ್ರೌಸರಿನಿಂದ, ತಯಾರಕರದೇ ತಾಣಕ್ಕೆ ಹೋಗಿ, ಹೊಸ ಪ್ರತಿಯನ್ನು ಇಳಿಸಿಕೊಂಡು ಹಳೆಯದರ ಮೇಲೆಯೇ ಕೂರಿಸಬೇಕು. ದಾರಿಯಲ್ಲಿ ಸಿಗುವ ‘ಸಹಾಯವಾಣಿ’ ನಂಬರುಗಳಿಗೆ ಫೋನು ಮಾಡಬಾರದು, ಒಟಿಪಿ ಯಾರಿಗೂ ಹೇಳಬಾರದು ಎಂದೂ ಎಚ್ಚರಿಸಿದ. ಹಾಗೆಯೇ ಮಾಡಿದೆವು. ಹನ್ನೊಂದೂವರೆ ಹೊತ್ತಿಗೆ ಕಿಟಕಿ ತೆರೆಯಿತು. ಪಾಸ್‌ವರ್ಡು ಅದರ ಜಾಗದಲ್ಲೇ ಕುಳಿತಿತ್ತು. ಮೂರೂ ಅರ್ಜಿಗಳು ಮಧ್ಯಾಹ್ನದೊಳಗೆ ಹೋದವು.

ಇಷ್ಟಕ್ಕೇ ಮುಗಿದಿದ್ದರೆ ಈ ಬರಹಕ್ಕೆ ಕಾರಣವಿರಲಿಲ್ಲ. ಹೊಸ ಪ್ರತಿ ಕೂರಿಸುವ ಮುನ್ನ ಅವನು ಒಂದು ಫೋಲ್ಡರನ್ನು ತೆರೆಸಿದ್ದ. ಅದರಲ್ಲಿ ಎರಡು ಫೋಲ್ಡರುಗಳಿದ್ದವು. ಒಂದು ಹಳೆಯ ಆವೃತ್ತಿಯದು, ಇನ್ನೊಂದು ಹೊಸದು. ಹೊಸದು ಅರ್ಧ ಮಾತ್ರ ತುಂಬಿತ್ತು. ಬ್ರೌಸರು ತನ್ನ ಹೊಸ ಆವೃತ್ತಿಯನ್ನು ನಮಗೆ ತಿಳಿಯದಂತೆ ಹಿನ್ನೆಲೆಯಲ್ಲೇ ತಂದು ಹಾಕಿಕೊಳ್ಳುತ್ತದೆ. ಆ ಕೆಲಸ ನಡುವೆಯೇ ನಿಂತು, ಅರ್ಧ ಹಳೆಯದು ಅರ್ಧ ಹೊಸದು ಕಲಸಿಹೋಗಿತ್ತು. ‘ಅದರ ಮುಂದೆ ಸಮಯ ಬರೆದಿದೆ ನೋಡಿ’ ಎಂದ. ಹಿಂದಿನ ದಿನ, ಸಂಜೆ 4 ಗಂಟೆ 52 ನಿಮಿಷ. ‘ಆಗ ಏನಾಯ್ತು ಅತ್ತೆ? ಕರೆಂಟ್ ಹೋಯ್ತಾ?’

ಕರೆಂಟು ಹೋಗಿರಲಿಲ್ಲ. ಆ ಹುಡುಗಿ ಊರಿನ ಬಸ್ಸಿಗಾಗಿ ನಾಲ್ಕೂ ಇಪ್ಪತ್ತಕ್ಕೇ ಹೊರಟಿದ್ದಳು. ‘ಆಫ್ ಮಾಡಲಾ ಮಿಸ್?’ ಎಂದು ಕೇಳಿದ್ದಳು. ‘ನಾನು ನೋಡ್ಕೋತೀನಿ, ನೀನು ಹೋಗು’ ಎಂದವಳು ನಾನು. ಆಮೇಲೆ ಮಳೆ ಕಟ್ಟಿಕೊಂಡು ಬಂತು. ಗುಡುಗಿಗೆ ಹೆದರಿ, ಮನೆಯಲ್ಲಿ ಮಾಡುವ ಹಾಗೆ, ಕೋಣೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದು ಬೀಗ ಹಾಕಿಕೊಂಡು ಬಂದಿದ್ದೆ.

‘ನಾನೇ ಕಣೋ’ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವನು ನಕ್ಕುಬಿಟ್ಟ. ‘ನೀವೊಬ್ರೇ ಅಲ್ಲ ಅತ್ತೆ. ಯುಪಿಎಸ್ ಬ್ಯಾಟರಿ ಚೆನ್ನಾಗಿದ್ದಿದ್ರೆ ಸ್ವಿಚ್ ತೆಗೆದ್ರೂ ಹತ್ತು ನಿಮಿಷ ನಡೀತಿತ್ತು. ಡಿಸ್ಕಲ್ಲಿ ಜಾಗ ಇದ್ದಿದ್ರೆ ಅಷ್ಟು ಹೊತ್ತಿಗೆ ಕೆಲಸ ಮುಗಿದಿರ್ತಿತ್ತೋ ಏನೋ. ಹೊಸದು ಪೂರ್ತಿ ಬರೋ ತನಕ ಹಳೇದನ್ನ ಮುಟ್ಟದೆ ಇರೋ ಹಾಗೆ ಆ ಪ್ರೋಗ್ರಾಂ ಬರೆದವರೂ ನೋಡ್ಕೋಬೇಕಿತ್ತು.’ ನಾಲ್ಕು ಕಾರಣಗಳನ್ನು ಬೆರಳು ಮಡಿಸಿ ಎಣಿಸಿದ. ಅವನ ಪಟ್ಟಿಯಲ್ಲಿ ನಾನು ಒಂದು ಬೆರಳು ಮಾತ್ರ. ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಅದೂ ತಪ್ಪು ಹೆಸರು. ಕಾರಣಗಳು ಯಾವಾಗಲೂ ಬಹುವಚನ, ಅಪರಾಧಿ ಮಾತ್ರ ನಮಗೆ ಏಕವಚನದಲ್ಲೇ ಬೇಕು ಎಂದು ಆಮೇಲೆ ಅನ್ನಿಸಿತು.

ಇನ್ನು ಮುಂದೆ ಈ ಅಪ್‌ಡೇಟೇ ಬೇಡ, ನಿಲ್ಲಿಸಿಬಿಡಿ ಎಂದು ನಮ್ಮ ಗಣಿತದ ಮೇಡಂ ಹೇಳಿದರು. ತಮ್ಮನ ಮಗ ಅದಕ್ಕೂ ಒಪ್ಪಲಿಲ್ಲ. ಕಳ್ಳರು ನುಗ್ಗುವ ಕಿಂಡಿಗಳು ದಿನವೂ ಹೊಸದಾಗಿ ಪತ್ತೆಯಾಗುತ್ತವೆ, ಅವನ್ನು ಮುಚ್ಚುವುದಕ್ಕೇ ಅಪ್‌ಡೇಟು ಇರುವುದು ಎಂದ. ಒಮ್ಮೆ ಕೆಟ್ಟಿತೆಂದು ಹೊಸದನ್ನೇ ಬಿಡುವುದೂ ಒಂದು ಬಗೆಯ ಸಿಟ್ಟು. ಕಾರಣ ಹುಡುಕುವ ತೊಂದರೆ ಅದರಲ್ಲಿ ತಪ್ಪುತ್ತದೆ.

ಕಂಪ್ಯೂಟರ್ ಕೆಲಸದವರಲ್ಲಿ ದೂಷಣೆಯಿಲ್ಲದ ವಿಚಾರಣೆ ಎಂಬ ಒಂದು ಪದ್ಧತಿ ಇದೆಯೆಂದು ಅವನಿಂದಲೇ ತಿಳಿಯಿತು. ದೊಡ್ಡ ಅನಾಹುತವಾದಾಗ ಯಾರು ಮಾಡಿದರು ಎಂಬುದನ್ನು ಬದಿಗಿಟ್ಟು, ಏನಾಯಿತು, ಯಾವ ತಡೆ ಇರಬೇಕಿತ್ತು ಎಂದು ಬರೆಯುತ್ತಾರೆ. 2019ರ ಮೇ ತಿಂಗಳ ಮೊದಲ ವಾರದಲ್ಲಿ ಫೈರ್‌ಫಾಕ್ಸ್ ಎಂಬ ಬ್ರೌಸರಿನ ಆಡ್-ಆನ್‌ಗಳು ಒಮ್ಮೆಲೇ ನಿಂತುಹೋದವು. ಅವುಗಳನ್ನು ನಂಬಬಹುದು ಎಂದು ಹೇಳುವ ಒಂದು ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅಷ್ಟು ದೊಡ್ಡ ಸಂಸ್ಥೆಯೂ ನಾವು ವಿಮೆಯ ಕಂತು ಮರೆಯುವ ಹಾಗೆ ಮರೆತಿತ್ತು. ಮರೆತೆವು ಎಂದು ಎಲ್ಲರೂ ಓದುವಂತೆ ಬರೆದೂ ಬರೆಯಿತು.

2024ರ ಜುಲೈ 19ರಂದು ಆದದ್ದು ಇನ್ನೂ ದೊಡ್ಡದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ಕಂಪನಿ ಆಮೇಲೆ ಕಾರಣವನ್ನು ಬಿಡಿಸಿ ಪ್ರಕಟಿಸಿತು. ಅಪ್‌ಡೇಟು 21ನೆಯ ಒಂದು ಮಾಹಿತಿಯನ್ನು ಕೇಳಿತ್ತು, ಯಂತ್ರದೊಳಗಿನ ಪ್ರೋಗ್ರಾಂ ಒದಗಿಸುತ್ತಿದ್ದದ್ದು 20 ಮಾತ್ರ. ಎಲ್ಲ ಯಂತ್ರಗಳಿಗೂ ಒಂದೇ ಸಲಕ್ಕೆ ಕಳಿಸಬಾರದಿತ್ತು, ಇನ್ನು ಮುಂದೆ ಹಂತ ಹಂತವಾಗಿ ಕಳಿಸುತ್ತೇವೆ ಎಂದೂ ಹೇಳಿತು. 85 ಲಕ್ಷ ಯಂತ್ರಗಳ ಬಗ್ಗೆ ಇಷ್ಟು ಶಾಂತವಾಗಿ ಯೋಚಿಸಬಹುದಾದರೆ ಒಂದು ಯಂತ್ರದ ಮುಂದೆ ನಾನೇಕೆ ಅಷ್ಟು ಕೂಗಾಡಿದೆ?

ಆ ಹುಡುಗಿಗೆ ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಮಾರನೆಯ ದಿನ ಒಂದು ಪೆನ್ನು ಕೊಟ್ಟೆ. ‘ಅರ್ಜಿ ಹೋಯ್ತು ನೋಡು, ಚಿಂತೆ ಇಲ್ಲ’ ಎಂದೆ. ತಪ್ಪು ನನ್ನದು ಎಂಬ ಮಾತು ಮಾತ್ರ ಗಂಟಲಿನಿಂದ ಮೇಲೆ ಬರಲಿಲ್ಲ. ಮೇಷ್ಟ್ರಾದವರು ಮಕ್ಕಳ ಮುಂದೆ ಸೋತರೆ ಶಿಸ್ತು ಉಳಿಯುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳು ಸಂಜೆ ಟೈಪಿಂಗಿಗೆ ಬರುವುದನ್ನು ನಿಲ್ಲಿಸಿದಳು. ಕೇಳಿದರೆ ‘ಬಸ್ ತಪ್ಪುತ್ತೆ ಮಿಸ್’ ಎನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ. ಬಾಣಾವರ, ಜಾವಗಲ್ ದಾರಿಯಾಗಿ ಹಳೇಬೀಡು, ಅಲ್ಲಿಂದ ಬೇಲೂರು. 2023ರಲ್ಲಿ ಈ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಹೆಚ್ಚು. ಬೇಲೂರಿನ ಆವರಣದಲ್ಲಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ಮಕ್ಕಳನ್ನು ಕೂರಿಸಿ, ಇಪ್ಪತ್ತೈದು ವರ್ಷಗಳಿಂದ ಹೇಳುತ್ತ ಬಂದಿರುವ ಕತೆಯನ್ನೇ ಶುರು ಮಾಡಿದೆ. ಕತೆ ನಿಮಗೂ ಗೊತ್ತು. ಜಕಣಾಚಾರಿ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ಎಲ್ಲಿಂದಲೋ ಬಂದ ಹುಡುಗನೊಬ್ಬ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣಾಚಾರಿಯ ಪಣ. ಹುಡುಗ ಮೂರ್ತಿಗೆಲ್ಲ ಗಂಧ ಬಳಿಸುತ್ತಾನೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟರೆ ನೀರು, ಒಳಗೊಂದು ಕಪ್ಪೆ. ಮಾತಿನಂತೆ ಜಕಣಾಚಾರಿ ಕೈ ಕಡಿದುಕೊಳ್ಳುತ್ತಾನೆ. ಆ ಹುಡುಗ ಅವನ ಮಗ ಡಂಕಣನೇ ಎಂದು ಆಮೇಲೆ ತಿಳಿಯುತ್ತದೆ.

ಗಂಧ ಬಳಿದ ಜಾಗಕ್ಕೆ ಬಂದಾಗ ನನಗೆ ತಮ್ಮನ ಮಗನ ಪ್ರಶ್ನೆಗಳು ನೆನಪಾದವು. ಡಂಕಣ ಮಾಡಿದ್ದೂ ಅದನ್ನೇ. ಯಾರನ್ನೂ ಬೈಯದೆ, ಒಂದೊಂದೇ ಭಾಗ ಸರಿಯಿದೆ ಎಂದು ಖಚಿತಪಡಿಸಿಕೊಳ್ಳುತ್ತ, ಉಳಿದ ಹಸಿ ಜಾಗಕ್ಕೆ ಬೆರಳಿಡುವುದು. ಆದರೆ ನಾವು ಮಕ್ಕಳಿಗೆ ಒತ್ತಿ ಹೇಳುವುದು ಗಂಧವನ್ನಲ್ಲ, ಕಡಿದ ಕೈಯನ್ನು. ತಪ್ಪು ಒಪ್ಪಿಕೊಳ್ಳುವುದೆಂದರೆ ಕೈ ಕಡಿದುಕೊಂಡಷ್ಟು ಭಯಂಕರ ಎಂದು ಚಿಕ್ಕಂದಿನಿಂದ ಕಲಿಸಿದರೆ ಯಾರು ತಾನೆ ಒಪ್ಪಿಕೊಂಡಾರು? ಒಪ್ಪಿಗೆಯ ಬೆಲೆ ಹೆಚ್ಚಾದಷ್ಟೂ ತಪ್ಪು ಇಳಿಜಾರಿನ ನೀರಿನಂತೆ ಕೆಳಗೆ ಹರಿಯುತ್ತದೆ. ದೊಡ್ಡವರಿಂದ ಚಿಕ್ಕವರಿಗೆ, ಅತ್ತೆಯಿಂದ ಸೊಸೆಗೆ, ಟೀಚರಿನಿಂದ ಹುಡುಗಿಗೆ. ಎಲ್ಲಿ ಎದುರುತ್ತರವಿಲ್ಲವೋ ಅಲ್ಲಿ ಹೋಗಿ ನಿಲ್ಲುತ್ತದೆ.

ಹಾಗಾದರೆ ಯಾರೂ ಹೊಣೆಯಲ್ಲವೇ ಎಂದು ನೀವು ಕೇಳಬಹುದು. ಕಾರಣ ಹುಡುಕುವ ನೆಪದಲ್ಲಿ ಬೇಜವಾಬ್ದಾರಿಯವರು ತಪ್ಪಿಸಿಕೊಳ್ಳುವುದಿಲ್ಲವೇ? ನಾನೂ ಯೋಚಿಸಿದ್ದೇನೆ. ಸ್ವಿಚ್ಚು ಎಳೆದದ್ದಕ್ಕೆ ನನಗೆ ಶಿಕ್ಷೆ ಬೇಕಿರಲಿಲ್ಲ, ತಿಳಿವಳಿಕೆ ಸಾಕಿತ್ತು. ಆದರೆ ವಿಚಾರಿಸದೆ ಒಂದು ಮಗುವನ್ನು ನಾಲ್ವರ ಮುಂದೆ ಬೈದದ್ದಕ್ಕೆ ಬ್ಯಾಟರಿಯೂ ಕಾರಣವಲ್ಲ, ಡಿಸ್ಕೂ ಕಾರಣವಲ್ಲ. ಅದು ಪೂರ್ತಿ ನನ್ನದು. ಯಂತ್ರ ಕೆಟ್ಟದ್ದರಲ್ಲಿ ನನ್ನ ಪಾಲು ನಾಲ್ಕರಲ್ಲಿ ಒಂದು. ಆ ಹುಡುಗಿಯ ಮನಸ್ಸು ಕೆಟ್ಟದ್ದರಲ್ಲಿ ಪಾಲುದಾರರಿಲ್ಲ.

ಅಂದು ಕತೆಯನ್ನು ಎಂದಿನಂತೆ ಮುಗಿಸಲಾಗಲಿಲ್ಲ. ಹೊಯ್ಸಳರ ಶಾಸನಗಳಲ್ಲಿ ಜಕಣಾಚಾರಿಯ ಹೆಸರು ಸಿಗುವುದಿಲ್ಲ, ಇದು ಜನ ಕಟ್ಟಿದ ಕತೆ ಎಂದು ಮಕ್ಕಳಿಗೆ ಹೇಳಿದೆ. ಇದೇ ಆವರಣದಲ್ಲಿ ನಿಜವಾಗಿಯೂ ಹೆಸರು ಕೆತ್ತಿಟ್ಟವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ, ತಂದೆ ಮಗ ಇಬ್ಬರೂ ಕೈ ಉಳಿಸಿಕೊಂಡೇ ಕೆಲಸ ಮಾಡಿದರು ಎಂದಾಗ ಮಕ್ಕಳು ನಕ್ಕರು. ಆಮೇಲೆ ಹೇಳಿದೆ: ‘ನಮ್ಮ ಕಂಪ್ಯೂಟರ್ ಕೆಟ್ಟಿದ್ದು ನಾನು ಸ್ವಿಚ್ ಎಳೆದದ್ದರಿಂದ. ಇವಳನ್ನ ಸುಮ್ಮನೆ ಬೈದೆ. ನನ್ನದು ತಪ್ಪಾಯ್ತು.’ ಬೈದಾಗ ಇದ್ದ ಇಬ್ಬರು ಸಹೋದ್ಯೋಗಿಗಳು ಅಲ್ಲಿದ್ದರು. ಮಕ್ಕಳು ಒಂದು ಕ್ಷಣ ಸುಮ್ಮನಾದರು. ಮರುಕ್ಷಣ ಯಾರೋ ‘ಮಿಸ್, ಊಟ ಯಾವಾಗ?’ ಎಂದು ಕೇಳಿದರು. ಆಕಾಶವೇನೂ ಬೀಳಲಿಲ್ಲ. ಶಿಸ್ತೂ ಕೆಡಲಿಲ್ಲ.

ಹಿಂದಿರುಗುವಾಗ ಅವಳು ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಬಂದು ಕುಳಿತಳು. ಜಾವಗಲ್ ದಾಟುವವರೆಗೂ ಮಾತಿಲ್ಲ. ಆಮೇಲೆ ಹೇಳಿದಳು: ‘ಅವತ್ತು ನಾನು ಮನೇಲಿ ಹೇಳ್ಲಿಲ್ಲ ಮಿಸ್. ಹೇಳಿದ್ರೆ ಅವರೂ ನೀನೇ ಏನೋ ಮಾಡಿರ್ತೀಯ ಅಂತಿದ್ರು.’ ಉತ್ತರ ಕೊಡಲು ನನಗೆ ಏನೂ ಹೊಳೆಯಲಿಲ್ಲ. ಟೀವಿಯ ಹಲ್ಲಿಯ ಕತೆ ಹೇಳಿದೆ. ಅವಳು ನಕ್ಕಳು. ಜನವರಿಯಿಂದ ಮತ್ತೆ ಟೈಪಿಂಗಿಗೆ ಬರತೊಡಗಿದಳು. ಈಗ ಅವಳು ಕಂಪ್ಯೂಟರು ನಿಲ್ಲಿಸಿದ ಮೇಲೆ ನಾನು ಸ್ವಿಚ್ಚು ತೆಗೆಯುತ್ತೇನೆ. ಪಾಸ್‌ವರ್ಡನ್ನು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇವೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ.

ಜಕಣಾಚಾರಿಯ ಕತೆಗೆ ಬೇಲೂರಿನಲ್ಲಿ ನಾವು ಹೇಳದೆ ಬಿಡುವ ಒಂದು ಕೊನೆಯಿದೆ. ತುಮಕೂರಿನ ಹತ್ತಿರ ಒಂದು ಊರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಅವನಿಗೆ ಕಳೆದುಹೋದ ಕೈ ಮರಳಿ ಬಂತಂತೆ. ಅದಕ್ಕೇ ಆ ಊರು ಕೈದಾಳ. ಮುಂದಿನ ಪ್ರವಾಸದಲ್ಲಿ ಮಕ್ಕಳಿಗೆ ಅದನ್ನೂ ಹೇಳಬೇಕು.

ನಾನು ಪೂರ್ತಿ ಬದಲಾದೆ ಎಂದು ಮಾತ್ರ ಹೇಳಲಾರೆ. ಮೊನ್ನೆ ಬೆಳಿಗ್ಗೆ ದೇವರ ಮುಂದೆ ಇದ್ದಾಗ ಅಡುಗೆಮನೆಯಿಂದ ಠಳ್ ಎಂದು ಸದ್ದು ಬಂತು. ಸೊಸೆ ಒಳಗಿದ್ದಳು. ‘ಯಾ...’ ಎಂದು ಬಾಯಿ ತೆರೆದೇಬಿಟ್ಟಿದ್ದೆ. ಅಲ್ಲಿಗೇ ತಡೆದು ‘ಏನಾಯ್ತಮ್ಮ?’ ಎಂದು ಕೇಳಿದೆ. ‘ಲೋಟ ಅತ್ತೆ, ಜಾರಿಬಿಡ್ತು’ ಎಂದಳು. ‘ಚೂರು ಕಾಲಿಗೆ ಚುಚ್ಚೀತು, ನಿಲ್ಲು’ ಎಂದು ಪೊರಕೆ ತೆಗೆದುಕೊಂಡು ಎದ್ದೆ.